ಮರಳು ಮುಟ್ಟದ ಮಕ್ಕಳು

ಮೊನ್ನೆ ನಮ್ಮೂರ ಕ್ರೀಡಾಂಗಣದಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟ ನಡೆಯಿತು. ಬಸ್ ಕಾಯುತ್ತಿದ್ದ ನಾಲ್ಕು ಜನರೂ ಬೇಲಿ ಹಿಡಿದು ನಿಂತು ನೋಡಿದರು. ತ್ರಿವಿಧ ಜಿಗಿತದ ಸರದಿ. ಹಳ್ಳಿ ಶಾಲೆಯ ಹುಡುಗನೊಬ್ಬ, ಒಂಬತ್ತನೇ ಕ್ಲಾಸಿದ್ದೀತು, ಬರಿಗಾಲಲ್ಲಿ ಓಡಿ ಬಂದು ಹಲಗೆ ಒದ್ದು ಹಾರಿದ. ಮೊದಲನೇ ನೆಗೆತ ಭರ್ಜರಿ. ಕೆಳಗಿಳಿದು ಕಾಲು ಊರಿದ್ದೇ ತಡ, ಮೊಣಕಾಲು ಕುಸಿಯಿತು. ಎರಡನೆಯದು ಬರೀ ತಡವರಿಕೆ, ಮೂರನೆಯದು ಬೀಳಾಟ. ಬಿದ್ದದ್ದು ಮರಳಿಗಾದರೂ ಆಗಿದ್ದರೆ ಸರಿಯಿತ್ತು. ಮರಳು ಇನ್ನೂ ಒಂದು ಮಾರು ಆಚೆ ಇತ್ತು. ಗಟ್ಟಿ ನೆಲದ ಮೇಲೆ ಮಂಡಿ ತರಚಿಕೊಂಡು ಎದ್ದ. ಜನ ನಕ್ಕರು. ನಾವೂ ನಕ್ಕೆವು, ಸುಳ್ಳು ಯಾಕೆ ಹೇಳಬೇಕು.

ಆಮೇಲೆ ಅವನ ಪಿ.ಟಿ. ಮೇಷ್ಟ್ರನ್ನು ಮಾತಾಡಿಸಿದೆವು. 'ಏನ್ ಮಾಡೋದು ಸಾರ್, ಲಿಸ್ಟಿನಲ್ಲಿ ಒಂದು ಹೆಸರು ಖಾಲಿ ಇತ್ತು. ಕಾಲು ಉದ್ದ ಇದೆ ಅಂತ ಬೆಳಿಗ್ಗೆ ಇವನ ಹೆಸರು ಬರೆಸಿದೆ' ಅಂದರು. ಅಂದರೆ ಹುಡುಗ ಜೀವಮಾನದಲ್ಲೇ ಮೊದಲ ಸಲ ಈ ಜಿಗಿತ ಮಾಡಿದ್ದು ಆವತ್ತು, ಅದೂ ನೂರಾರು ಜನರ ಎದುರು!

ನೋಡಿ, ಇದು ಉದ್ದ ಜಿಗಿತದ ಹಾಗೆ ಓಡಿ ಹಾರಿಬಿಡುವ ಬಾಬತ್ತಲ್ಲ. ಯಾವ ಕಾಲಿನಲ್ಲಿ ಹಲಗೆ ಒದ್ದಿರೋ ಅದೇ ಕಾಲಿನ ಮೇಲೆ ಇಳಿಯಬೇಕು. ಅದು ಹಾಪ್, ನಮ್ಮ ಮಾತಲ್ಲಿ ಕುಂಟು. ಅಲ್ಲಿಂದ ಚಿಮ್ಮಿ ಇನ್ನೊಂದು ಕಾಲಿನ ಮೇಲೆ ಇಳಿಯುವುದು ಸ್ಟೆಪ್. ಆ ಕಾಲಿನಿಂದ ಮತ್ತೆ ಚಿಮ್ಮಿ ಮರಳಿಗೆ ಬೀಳುವುದು ಜಂಪ್. ಮೂರಕ್ಕೂ ಓಟದಿಂದ ತಂದ ವೇಗ ಒಂದೇ. ಹೊಸ ಬಂಡವಾಳ ನಡುವೆ ಎಲ್ಲೂ ಬರುವುದಿಲ್ಲ.

ಅಂಗಡಿ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದ್ದ ದುಡ್ಡನ್ನೆಲ್ಲ ಮೊದಲನೇ ಲೋಡಿಗೇ ಸುರಿದವನು ಎರಡನೇ ಲೋಡಿಗೆ ಸಾಲ ಮಾಡುತ್ತಾನೆ. ಇಂಗ್ಲೆಂಡಿನ ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 18.29 ಮೀಟರ್ ಹಾರಿ ವಿಶ್ವ ದಾಖಲೆ ಮಾಡಿದ. ಅವನ ಲೆಕ್ಕ ತೆಗೆದು ನೋಡಿ: ಹಾಪ್ 6.05, ಸ್ಟೆಪ್ 5.22, ಜಂಪ್ 7.02. ರೂಪಾಯಿಗೆ ಹಾಕಿದರೆ 33 ಪೈಸೆ, 29 ಪೈಸೆ, 38 ಪೈಸೆ. ಮೊದಲನೆಯದರಲ್ಲಿ ಕೈ ಬಿಗಿ ಹಿಡಿದು ಕೊನೆಗೆ ಉಳಿಸಿಕೊಂಡ. ನಮ್ಮ ಮೈದಾನದಲ್ಲಿ ಕೇಳುವ ಕೂಗೋ, 'ಮೊದಲನೇದನ್ನೇ ದೂರ ಹಾಕೋ!' ಹುಡುಗ ಎಪ್ಪತ್ತು ಪೈಸೆ ಅಲ್ಲೇ ಖರ್ಚು ಮಾಡಿ ಕೂತ.

ಇನ್ನು ಹಲಗೆ. ನಮ್ಮ ಮೈದಾನದಲ್ಲಿ ಇರುವುದು ಒಂದೇ ಹಲಗೆ, ಮರಳು ಗುಂಡಿಯಿಂದ 11 ಮೀಟರ್ ದೂರಕ್ಕೆ. ಅಂತಾರಾಷ್ಟ್ರೀಯ ಕೂಟಗಳಲ್ಲಿ ಗಂಡಸರಿಗೆ 13 ಮೀಟರ್, ಹೆಂಗಸರಿಗೆ 11 ಮೀಟರಿಗೆ ಕಡಿಮೆ ಇರಬಾರದು. ಉಳಿದ ಕೂಟಗಳಲ್ಲಿ ಆಯಾ ಮಟ್ಟಕ್ಕೆ ತಕ್ಕ ದೂರದಲ್ಲಿ ಇಡಬೇಕು ಅಂತ ಅದೇ ನಿಯಮದ ಪುಸ್ತಕ ಹೇಳುತ್ತದೆ. ಒಟ್ಟು 9 ಮೀಟರ್ ಹಾರುವ ಮಗುವನ್ನು 11 ಮೀಟರ್ ಹಲಗೆ ಮೇಲೆ ನಿಲ್ಲಿಸಿದರೆ ಅದು ಮರಳು ಮುಟ್ಟುವುದು ಹೇಗೆ ಸ್ವಾಮಿ? 7 ಮೀಟರಿಗೆ ಒಂದು ಸುಣ್ಣದ ಪಟ್ಟಿ ಎಳೆದಿದ್ದರೆ ಆ ಹುಡುಗ ತಡವರಿಸಿದರೂ ಮರಳಿಗೇ ಬೀಳುತ್ತಿದ್ದ. ಸುಣ್ಣಕ್ಕೆ ಎಷ್ಟು ಖರ್ಚು?

ಈ ಸಾಲು ಬರೆಯುತ್ತಿರುವವನೂ ಹೈಸ್ಕೂಲಿನಲ್ಲಿ ಇದೇ ಜಿಗಿತಕ್ಕೆ ಹೆಸರು ಕೊಟ್ಟವನೇ. ದಿನಾ ಸಂಜೆ ಗಟ್ಟಿ ನೆಲದ ಮೇಲೆ ಇಪ್ಪತ್ತು, ಮೂವತ್ತು ಸಲ ಹಾರಿದ್ದು. ಹಿಮ್ಮಡಿ ನೋವು ಶುರುವಾಯಿತು, ಎಣ್ಣೆ ತಿಕ್ಕಿಕೋ ಅಂದರು. ಮೂರು ತಿಂಗಳು ಕುಂಟಿದ ಮೇಲೆ ಜಿಗಿತ ಬಿಟ್ಟಾಯಿತು. (ಪಿಯುಸಿ ಬಿಟ್ಟದ್ದು ಬೇರೆ ಕಥೆ, ಅದಕ್ಕೆ ಹಿಮ್ಮಡಿಯನ್ನು ದೂರುವುದು ಬೇಡ.) ದೊಡ್ಡ ಜಿಗಿತಗಾರರ ಕಾಲಿನ ಮೇಲೆ ಈ ಇಳಿತದಲ್ಲಿ ಮೈತೂಕದ ಹತ್ತು ಪಟ್ಟಿಗೂ ಮೀರಿ ಭಾರ ಬೀಳುತ್ತದೆ ಅಂತ ಅಳೆದು ನೋಡಿದ್ದಾರೆ. ಅವರು ವರ್ಷಗಟ್ಟಲೆ ಕಾಲು ಹುರಿ ಮಾಡಿಕೊಂಡವರು. ಬೆಳೆಯುವ ಮಕ್ಕಳ ಮೂಳೆಗೆ ಅದರಲ್ಲಿ ಅರ್ಧ ಬಿದ್ದರೂ ಸಾಕು.

ಹಾಗಾದರೆ ಕಲಿಸುವುದೇ ಬೇಡವೇ? ಕಲಿಸಬೇಕು. ಕಲಿಸಲು ಕುಂಟೆಬಿಲ್ಲೆಯಿಂದ ಶುರು ಮಾಡಬೇಕು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಒಂಟಿ ಕಾಲಲ್ಲಿ ಕುಂಟುವುದು ಹಾಪ್ ಅಲ್ಲದೆ ಮತ್ತೇನು? ಮೊದಲು ಹುಲ್ಲಿನ ಮೇಲೆ, ನಿಂತ ಜಾಗದಿಂದ, ಎರಡೂ ಕಾಲಿನಲ್ಲಿ ಕುಂಟಿಸಿ. ಆಮೇಲೆ ಹಳೇ ಸೈಕಲ್ ಟೈರುಗಳನ್ನು ಸಮ ದೂರಕ್ಕೆ ಹಾಕಿ ಒಂದೊಂದರಲ್ಲಿ ಒಂದೊಂದು ಹೆಜ್ಜೆ ಇಡಿಸಿ. 'ಬಲ, ಬಲ, ಎಡ, ಗುಂಡಿ' ಅಂತ ಬಾಯಲ್ಲಿ ಹೇಳಿಕೊಂಡೇ ಹಾರಲಿ. ಅದು ಕೂತ ಮೇಲೆ ಐದು ಹೆಜ್ಜೆ ಓಟ, ಆಮೇಲೆ ಏಳು. ಪೂರಾ ಓಟ ಇನ್ನೂ ಎಷ್ಟೋ ದಿನದ ಮಾತು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡೂ ಕಲಿಸಬಹುದು, ಕಿವಿ ಇದ್ದರಾಯಿತು. ಸರಿಯಾಗಿ ಹಾರಿದರೆ ಟಪ್, ಟಪ್, ಟಪ್ ಅಂತ ಸಮನಾದ ತಾಳ ಕೇಳುತ್ತದೆ. ಎರಡನೇ ಟಪ್ಪಿಗೂ ಮೂರನೇ ಟಪ್ಪಿಗೂ ನಡುವೆ ಬಿಡುವೇ ಇಲ್ಲದಿದ್ದರೆ ಸ್ಟೆಪ್ ಸತ್ತಿದೆ ಅಂತ ಲೆಕ್ಕ. ಆಗ ಹಾಪನ್ನು ತಗ್ಗಿಸಬೇಕು, ಮೇಲಕ್ಕೆ ಹಾರದೆ ಮುಂದಕ್ಕೆ ಹೋಗಲಿ. ಕಾಲು ಊರುವುದು ಹೇಗೆ ಅಂತ ನಮ್ಮ ಬಸ್ ಪ್ರಯಾಣಿಕರನ್ನು ಕೇಳಿ. ನಿಲ್ಲುವ ಮುಂಚೆ ಬಸ್ಸಿನಿಂದ ಇಳಿದು ಪಳಗಿದವನು ಬೆರಳ ತುದಿ ಊರುವುದಿಲ್ಲ, ಹಿಮ್ಮಡಿ ಕುಕ್ಕುವುದಿಲ್ಲ; ಪಾದ ಪೂರ್ತಿ ಊರಿ, ಬಸ್ಸಿನ ದಿಕ್ಕಿಗೇ ನಾಲ್ಕು ಹೆಜ್ಜೆ ಓಡುತ್ತಾನೆ. (ಹಾಗೆ ಇಳಿಯಿರಿ ಅಂತ ನಾವು ಹೇಳುತ್ತಿಲ್ಲ, ಕಂಡಕ್ಟರು ಬೈದಾರು.) ಇಲ್ಲೂ ಅದೇ. ಪಾದ ಪೂರ್ತಿ, ತಲೆ ಮೇಲೆ, ಕಣ್ಣು ಮುಂದೆ.

ಮೈ ಬಿಸಿ ಮಾಡಿಕೊಳ್ಳುವ ಮಾತು ಬೇರೆ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆನ್ರಿ ರೆಬೆಲ್ಲೊ ಫೈನಲ್ ತಲುಪಿದ್ದ, ವಯಸ್ಸು 19. ಹಾರಲು ಅಣಿಯಾಗಿ ನಿಂತಿದ್ದವನನ್ನು ಯಾವುದೋ ಪದಕ ಪ್ರದಾನಕ್ಕಾಗಿ ತಡೆದರು. ಚಳಿಯಲ್ಲಿ ಮೈ ತಣ್ಣಗಾಯಿತು, ಮೊದಲ ನೆಗೆತಕ್ಕೇ ತೊಡೆಯ ಸ್ನಾಯು ಹರಿಯಿತು. ಅಲ್ಲಿಗೆ ಮುಗಿಯಿತು. ನಮ್ಮ ಕೂಟಗಳಲ್ಲಿ ಪದಕ ಪ್ರದಾನವೂ ಬೇಡ, ಮುಖ್ಯ ಅತಿಥಿಗಳ ಭಾಷಣ ಒಂದೇ ಸಾಕು. ಮಕ್ಕಳು ಒಂದೂವರೆ ಗಂಟೆ ಕುಕ್ಕರುಗಾಲಲ್ಲಿ ಕೂತಿದ್ದರು. ಭಾಷಣ ಮುಗಿದದ್ದೇ ಮೈಕಿನಲ್ಲಿ ಹೆಸರು ಕೂಗಿದರು, ಎದ್ದು ಹಾರಿದರು.

ಈ ಜಿಗಿತದಲ್ಲಿ ನಮ್ಮವರಿಗೆ ಭವಿಷ್ಯ ಇಲ್ಲ ಅನ್ನಬೇಡಿ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ, ಬೆಳ್ಳಿ ಎರಡೂ ಭಾರತದ್ದೇ. ಎಲ್ಡೋಸ್ ಪೌಲ್ 17.03, ಅಬ್ದುಲ್ಲಾ ಅಬೂಬಕರ್ 17.02. ಒಂದೇ ಒಂದು ಸೆಂಟಿಮೀಟರ್ ಅಂತರ. ಇಬ್ಬರೂ ಪಕ್ಕದ ಕೇರಳದವರು. ಮರುವರ್ಷ ತಮಿಳುನಾಡಿನ ಪ್ರವೀಣ್ ಚಿತ್ರವೇಲ್ 17.37 ಹಾರಿದ. ಅತ್ತ ಇತ್ತ ಎರಡೂ ಕಡೆ ಹಾರುತ್ತಿದ್ದಾರೆ, ನಡುವೆ ನಾವು ನೋಡುತ್ತಿದ್ದೇವೆ.

ನಮ್ಮ ಗುಂಡಿಯ ಮರಳೋ, ಕಲ್ಲಿನ ಪುಡಿ ಬೆರೆತದ್ದು. ಮಳೆ ಬಿದ್ದು ಬಿಸಿಲು ಕಾದ ಮೇಲೆ ಗಾರೆ ಹಾಕಿದ ಹಾಗೆ ಕೂತಿದೆ. ಕೂಟದ ಬೆಳಿಗ್ಗೆ ಯಾರೂ ಗುದ್ದಲಿ ಹಾಕಲಿಲ್ಲ. ಪೇಟೆಯ ವರ್ತಕರು ಈ ಸಲವೂ ಉದಾರವಾಗಿ ಕಪ್ಪು ಕೊಟ್ಟಿದ್ದಾರೆ, ಬ್ಯಾನರ್ ಕಟ್ಟಿಸಿದ್ದಾರೆ. ಮುಂದಿನ ಸಲ ಎರಡು ಕಪ್ಪು ಕಡಿಮೆ ಮಾಡಿ ಒಂದು ಲೋಡು ಒಳ್ಳೇ ಮರಳು ಕೊಡಿಸಿ, ಅದರ ಮೇಲೂ ಬೇಕಾದರೆ ನಿಮ್ಮ ಅಂಗಡಿ ಹೆಸರಿನ ಬೋರ್ಡು ನೆಡಿ. ಹೊಣೆ ಹೊತ್ತ ಅಧಿಕಾರಿಗಳನ್ನು ವಿಚಾರಿಸಿದೆವು. 'ಹಲಗೆ ವಿಷಯ ಮೇಲಕ್ಕೆ ಬರೆದಿದ್ದೇವೆ' ಅಂದರು. ಸುಣ್ಣದ ಪಟ್ಟಿಗೂ ಮೇಲಿನಿಂದ ಮಂಜೂರಾತಿ ಬೇಕೇ ಅಂತ ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಬಂದ ದಿನ ಇದೇ ಅಂಕಣದಲ್ಲಿ ಹಾಕುತ್ತೇವೆ.