ಶರೀಫಜ್ಜನಿಗೆ ಸ್ವಲ್ಪ ಬಿಡುವು ಕೊಡಿ

ಕನ್ನಡದಲ್ಲಿ ರಾಕ್ ಸಂಗೀತ ಇದೆಯೇ ಎಂದು ಯಾರನ್ನಾದರೂ ಕೇಳಿ ನೋಡಿ. ಎರಡೇ ಬಗೆಯ ಉತ್ತರ ಬರುತ್ತದೆ. ಒಂದು, ‘ಅದೆಲ್ಲ ನಮ್ಮದಲ್ಲ ಬಿಡಿ, ಬರೀ ಗದ್ದಲ.’ ಇನ್ನೊಂದು, ‘ಯಾಕಿಲ್ಲ? ಶರೀಫರ ಪದಗಳನ್ನ ಗಿಟಾರ್ ಹಿಡಿದು ಎಷ್ಟು ಚೆನ್ನಾಗಿ ಹಾಡ್ತಾರೆ, ಕೇಳಿಲ್ವಾ?’ ಮೊದಲ ಉತ್ತರ ಸಾಮಾನ್ಯವಾಗಿ ಹಿರಿಯರದು, ಎರಡನೆಯದು ಕಿರಿಯರದು. ಇವರಿಬ್ಬರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ ಎಂದು ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಹೇಳುತ್ತಿದ್ದಾರೆ: ಇವತ್ತು ಬದುಕಿರುವ ಒಬ್ಬ ಹುಡುಗ ಅಥವಾ ಹುಡುಗಿ ತನ್ನದೇ ಮಾತಿನಲ್ಲಿ ಹಾಡು ಕಟ್ಟುವುದಕ್ಕೆ ಕನ್ನಡ ತಕ್ಕ ಭಾಷೆಯಲ್ಲ ಎಂದು. ನನ್ನ ತಕರಾರು ಈ ಒಳ ಒಪ್ಪಂದದ ಮೇಲೆ.

ನಾನು ಸಂಗೀತ ಕಲಿತವನಲ್ಲ, ಬರೀ ಕೇಳುಗ. ಶಿಕಾರಿಪುರದಲ್ಲಿದ್ದುಕೊಂಡು ಕೆಲಸದ ಮೇಲೆ ವಾರಕ್ಕೆರಡು ಸಲ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸಿನಲ್ಲಿ ಹೋಗಿ ಬರುವವನು. ಹೋಗುವಾಗ ಒಂದು ಆಲ್ಬಂ, ಬರುವಾಗ ಒಂದು. ನಡುವೆ ಹಾಡು ಬದಲಿಸುವುದಿಲ್ಲ. ಕವನ ಸಂಕಲನವನ್ನು ಮೊದಲ ಪುಟದಿಂದ ಓದುವ ಹಾಗೆ ಮೊದಲ ಹಾಡಿನಿಂದ ಕೊನೆಯವರೆಗೆ ಕೇಳುತ್ತೇನೆ. ಹೀಗೆ ಕೇಳಿ ಕೇಳಿ ಮೂಡಿದ ಅಭಿಪ್ರಾಯಗಳಿವು.

ಮೊದಲು ಹಿರಿಯರ ಮಾತು. ಗಿಟಾರ್ ನಮ್ಮದಲ್ಲ ಎನ್ನುತ್ತಾರೆ. ಸರಿ, ಹಾರ್ಮೋನಿಯಂ ಯಾವ ಊರಿನದು? ಭಜನೆ ಮನೆಯಿಂದ ಕಂಪನಿ ನಾಟಕದವರೆಗೆ ನಾವು ತಲೆಯ ಮೇಲೆ ಹೊತ್ತುಕೊಂಡ ಆ ಪೆಟ್ಟಿಗೆ ಯುರೋಪಿನಿಂದ ಬಂದದ್ದು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕೂತಿರುವ ಪಿಟೀಲೂ ಅಲ್ಲಿಯದೇ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ದನಿಯಲ್ಲಿ ಮನೆಮನೆಗೆ ಬಂದದ್ದು ಕ್ಯಾಸೆಟ್ ಎಂಬ ಪರದೇಶಿ ವಸ್ತುವಿನ ಮೇಲೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಮಾಡಿದಾಗ ಆ ಜನಸಾಗರಕ್ಕೆ ದನಿ ಮುಟ್ಟಿಸಿದ್ದು ದೊಡ್ಡ ದೊಡ್ಡ ಸ್ಪೀಕರುಗಳು. ಅವತ್ತು ಯಾರೂ ಗದ್ದಲ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಹಾಗಾಗಿ ವಾದ್ಯದ ಜಾತಕ ಕೇಳುವ ಚಾಳಿಯನ್ನು ಇಲ್ಲಿಗೇ ಬಿಡೋಣ.

ನಿಜವಾದ ಕಷ್ಟ ಇರುವುದು ಕಿರಿಯರ ಕಡೆ. ಅವರು ಹೆಮ್ಮೆಯಿಂದ ತೋರಿಸುವ ಆಲ್ಬಂ ಎಂದರೆ 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟಿನ ಮೊದಲ ಆಲ್ಬಂ. ನನಗೂ ಅದು ಇಷ್ಟ. ಆ ದನಿಯಲ್ಲಿ ಹಳ್ಳಿಯ ಜಾತ್ರೆಯಲ್ಲಿ ಕೂಗಿ ಕರೆಯುವವನ ಗತ್ತಿದೆ. ಗಿಟಾರಿನ ಹೊಡೆತದಲ್ಲಿ ಕಾಲು ತಾನಾಗಿ ಕುಣಿಯುತ್ತದೆ. ಆದರೆ ಒಮ್ಮೆ ಅದರ ಹಾಡುಗಳ ಪಟ್ಟಿ ಮುಂದಿಟ್ಟುಕೊಂಡು ಎಣಿಸಿ. ಒಟ್ಟು ಎಂಟು ಹಾಡು. ಐದು ಹಿಂದಿ, ಒಂದು ಇಂಗ್ಲಿಷ್, ಎರಡು ಕನ್ನಡ. ಆ ಎರಡೂ ಶರೀಫರವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ.

ಈ ಲೆಕ್ಕವನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡಿ. ಪ್ರೀತಿ ಹೇಳಿಕೊಳ್ಳಬೇಕಾದರೆ ಹಿಂದಿ ಇಲ್ಲವೇ ಇಂಗ್ಲಿಷ್. ದೇವರನ್ನು ಕೂಗಿ ಕರೆಯಬೇಕಾದರೆ ಹಿಂದಿ. ಅಷ್ಟೇ ಏಕೆ, ಮೈಸೂರಿನಿಂದ ಬಂದ ಹುಡುಗಿಯ ಮೇಲೆ ಹಾಡು ಕಟ್ಟಿದ್ದೂ ಹಿಂದಿಯಲ್ಲೇ! ಮೈಸೂರಿನಲ್ಲಿ ಬೆಳೆದ ಹಾಡುಗಾರ, ಮೈಸೂರಿನ ಹುಡುಗಿ, ನಡುವೆ ಹಿಂದಿ. ಕನ್ನಡಕ್ಕೆ ಉಳಿದ ಕೆಲಸ ಯಾವುದು? ಅಜ್ಜನ ಅನುಭಾವ ಹೇಳುವುದು. ಅಂದರೆ ಬದುಕುವುದು ಒಂದು ಭಾಷೆಯಲ್ಲಿ, ಕೈಮುಗಿಯುವುದು ಇನ್ನೊಂದರಲ್ಲಿ. ಕನ್ನಡ ಆ ಆಲ್ಬಮ್ಮಿನ ದೇವರ ಮನೆ. ಚೊಕ್ಕಟವಾಗಿದೆ, ಸುವಾಸನೆಯಿದೆ, ಆದರೆ ಅಲ್ಲಿ ಯಾರೂ ಮಲಗುವುದಿಲ್ಲ, ಉಣ್ಣುವುದಿಲ್ಲ, ಜಗಳವಾಡುವುದಿಲ್ಲ. 2013ರ ‘ಜಗ್ ಚಂಗಾ’ದಲ್ಲೂ ಲೋಕದ ಕಾಳಜಿಯ ಪದದೊಂದಿಗೆ ಮತ್ತೆ ಶರೀಫರೇ ಬಂದರು.

ಇದನ್ನು ಒಬ್ಬ ಕಲಾವಿದರ ತಲೆಗೆ ಕಟ್ಟುವುದು ಅನ್ಯಾಯ. ಅವರ ಮೊದಲ ಆಲ್ಬಂ ತಂದದ್ದು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಅವರ ಕಂಪನಿ. ಆಗ ಕನ್ನಡದ ಮಾರುಕಟ್ಟೆ ಸಿನಿಮಾ ಹಾಡಿನ ಹಿಡಿತದಲ್ಲಿತ್ತು, ಈಗಲೂ ಇದೆ. ಬೆಂಗಳೂರಿನ ಸ್ವರಾತ್ಮ ತಂಡದ 2009ರ ಆಲ್ಬಮ್ಮಿನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ, ಒಳ್ಳೆಯ ಹಾಡು. ಸುತ್ತ ಹೆಚ್ಚಿನವು ಹಿಂದಿ. ಮಾರುಕಟ್ಟೆಯ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಅದೇ 2008ರಲ್ಲಿ ತಿರುವನಂತಪುರದ ಅವಿಯಲ್ ಎಂಬ ತಂಡ ಇಡೀ ಆಲ್ಬಮ್ಮನ್ನು ಮಲಯಾಳಂನಲ್ಲೇ ತಂದಿತು. ಜನಪದದ ಮಾತನ್ನೂ ಎತ್ತಿಕೊಂಡರು, ಹೊಸ ಮಾತನ್ನೂ ಸೇರಿಸಿದರು, ಗಿಟಾರಿನ ಸದ್ದು ಒಂದಿಷ್ಟೂ ತಗ್ಗಿಸಲಿಲ್ಲ. ಮಲಯಾಳಂ ಮಾರುಕಟ್ಟೆ ಕನ್ನಡಕ್ಕಿಂತ ಎಷ್ಟು ದೊಡ್ಡದು ಸ್ವಾಮಿ? ಇನ್ನೂ ಹಿಂದೆ ಹೋದರೆ, 1977ರಲ್ಲಿ ಮೊಹಿನೆರ್ ಘೊರಾಗುಲಿ ಎಂಬ ತಂಡದ ಹುಡುಗರು ಬಂಗಾಳಿಯಲ್ಲಿ ತಂದ ಮೊದಲ ಆಲ್ಬಮ್ಮಿನ ಹೆಸರಿನಲ್ಲೇ ಅವರ ಊರು ಕೊಲ್ಕತ್ತಾ ಇತ್ತು. ನಮ್ಮ ‘ನಿತ್ಯೋತ್ಸವ’ ಬಂದದ್ದು ಅದರ ಮರುವರ್ಷ.

ಇಲ್ಲೇ ನಮ್ಮ ದಾರಿ ಬೇರೆಯಾಯಿತು ಅಂತ ನನಗನ್ನಿಸುತ್ತದೆ. ಅಲ್ಲಿ ಹಾಡುವವರೇ ಬರೆದರು. ಇಲ್ಲಿ ಕವಿ ಬರೆದ, ಇನ್ನೊಬ್ಬರು ರಾಗ ಹಾಕಿದರು, ಮತ್ತೊಬ್ಬರು ಹಾಡಿದರು. ಸುಗಮ ಸಂಗೀತ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ. ಬೇಂದ್ರೆ, ಕುವೆಂಪು, ಕೆ.ಎಸ್.ನ. ಅವರನ್ನು ಓದದವರ ಬಾಯಲ್ಲೂ ಅವರ ಸಾಲು ಕೂರಿಸಿದೆ. ನಮ್ಮ ಜಿಲ್ಲೆಯ ಹೆಸರನ್ನು ತಮ್ಮ ಹೆಸರಿನ ಮುಂದಿಟ್ಟುಕೊಂಡ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದದ್ದು ನಮಗೆಲ್ಲ ಹೆಮ್ಮೆ. ಆದರೆ ಆ ಪರಂಪರೆ ಜೊತೆಗೇ ಒಂದು ಮಡಿಯನ್ನೂ ಕಲಿಸಿತು: ಮಾತು ಕವಿಯದಾಗಿರಬೇಕು, ಅದಕ್ಕೆ ಮೊದಲೇ ಸಾಹಿತ್ಯದ ಮುದ್ರೆ ಬಿದ್ದಿರಬೇಕು, ಹಾಡುಗಾರ ಅದನ್ನು ಕೆಡಿಸದೆ ಮುಟ್ಟಿಸಿದರೆ ಸಾಕು. ಗಿಟಾರ್ ಹಿಡಿದ ಹುಡುಗರು ಹಾರ್ಮೋನಿಯಂ ಬಿಟ್ಟರೇ ಹೊರತು ಈ ಮಡಿಯನ್ನು ಬಿಡಲಿಲ್ಲ. ಸುಲಭವಾಗಿ ಪಾಸಾಗುವ ಹೆಸರು ಬೇಕಿತ್ತು, ಶರೀಫರು ಸಿಕ್ಕರು.

ತಮಾಷೆಯೆಂದರೆ ತಾನೇ ಬರೆದು ತಾನೇ ರಾಗ ಕಟ್ಟಿ ಹಾಡುವವನಿಗೆ ನಮ್ಮಲ್ಲಿ ಹಳೆಯ ಕಾಲದಿಂದಲೂ ಒಂದು ಹೆಸರಿದೆ: ವಾಗ್ಗೇಯಕಾರ. ಪುರಂದರದಾಸರು ಅದೇ, ಕನಕದಾಸರು ಅದೇ. 2016ರಲ್ಲಿ ಬಾಬ್ ಡಿಲನ್‌ಗೆ ನೊಬೆಲ್ ಬಂದಾಗ ಹಾಡು ಬರೆಯುವವನು ಸಾಹಿತಿಯೇ ಎಂದು ಜಗತ್ತೆಲ್ಲ ಚರ್ಚೆ ಮಾಡಿತು. ಆ ಪ್ರಶ್ನೆಗೆ ನಗಬೇಕಾಗಿದ್ದ ನಾಡು ನಮ್ಮದು.

ಇನ್ನು ಶರೀಫರನ್ನೇ ನೋಡಿ. 1819ರಿಂದ 1889ರವರೆಗೆ ಬದುಕಿದ್ದ ಅವರು ಏನನ್ನು ಹಾಡಿದರು? ಮನೆಯ ಮೂಲೆಯ ಗುಡುಗುಡಿ, ಮಳೆಗೆ ಸೋರುವ ಮಾಳಿಗೆ, ಹೊಸದಾಗಿ ಬಂದ ಗಿರಣಿ. ಗಿರಣಿ ಅಂದರೆ ಅವತ್ತಿನ ಮಟ್ಟಿಗೆ ಅತಿ ಹೊಸ ಯಂತ್ರ. ಅದರ ಮೇಲೆ ಪದ ಕಟ್ಟಿ ಅದರೊಳಗೆ ಅನುಭಾವ ತುಂಬಿದರು. ಹಳೆಯ ಸಂತರ ಪದಗಳನ್ನೇ ಹಾಡುತ್ತ ಕೂತಿದ್ದರೆ ಶರೀಫರು ಶರೀಫರಾಗುತ್ತಿರಲಿಲ್ಲ. ಶರೀಫರ ಪದ ಹಾಡುವುದು ಒಂದು, ಶರೀಫರು ಮಾಡಿದ್ದನ್ನು ಮಾಡುವುದು ಇನ್ನೊಂದು. ಎರಡನೆಯದು ಕಷ್ಟ ಅಂತ ನಾವು ಮೊದಲನೆಯದನ್ನೇ ಗುರುಭಕ್ತಿ ಅಂತ ಕರೆದುಕೊಂಡಿದ್ದೇವೆ. ‘ಈ ಹಾಡುಗಳಿಂದ ಹುಡುಗರಿಗೆ ಶರೀಫರು ಗೊತ್ತಾದರಲ್ಲ’ ಎನ್ನುವವರಿಗೆ ನನ್ನ ಉತ್ತರ: ಗೊತ್ತಾದರು, ಒಳ್ಳೆಯದಾಯಿತು. ಅಶ್ವತ್ಥರ ದನಿಯಲ್ಲಿ, 1990ರ ನಾಗಾಭರಣರ ಸಿನಿಮಾದಲ್ಲಿ ಮೊದಲೇ ಗೊತ್ತಾಗಿದ್ದರು. ಗೊತ್ತು ಮಾಡಿಸುವ ಕೆಲಸ ಎಷ್ಟು ತಲೆಮಾರು ನಡೆಯಬೇಕು?

ಹಾಗಾದರೆ ಇವತ್ತಿನ ಬದುಕನ್ನು ಕನ್ನಡದಲ್ಲಿ ಹಾಡುವವರು ಇಲ್ಲವೇ? ಇದ್ದಾರೆ, ನಾವು ಗೌರವ ಕೊಡದ ಜಾಗದಲ್ಲಿದ್ದಾರೆ. ಬೆಂಗಳೂರಿನಲ್ಲಿ ಆಲ್ ಓಕೆ, ಚಂದನ್ ಶೆಟ್ಟಿಯಂಥ ರ‍್ಯಾಪ್ ಹಾಡುಗಾರರಿದ್ದಾರೆ. ‘3 ಪೆಗ್’ ನನಗೆ ರುಚಿಸಿದ ಹಾಡಲ್ಲ, ಆದರೆ ಅಲ್ಲಿ ಯಾರದೋ ಪದದ ಆಸರೆ ಇಲ್ಲ. ನಮ್ಮ ಕಡೆ ಇನ್ನೂ ಆಸಕ್ತಿಯ ಉದಾಹರಣೆಯಿದೆ: ಹೋರಿ ಹಾಡು.

ದೀಪಾವಳಿ ಕಳೆಯುತ್ತಿದ್ದಂತೆ ಶಿಕಾರಿಪುರ, ಸೊರಬ, ಆಚೆ ಹಾವೇರಿ ಸೀಮೆಯಲ್ಲೆಲ್ಲ ಹೋರಿ ಹಬ್ಬ ಶುರು. ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು ಕಟ್ಟಿಸಿಕೊಂಡು ಓಡುವ ಹೋರಿಗಳಿಗೆ ಒಂದೊಂದು ಹೆಸರು, ಒಂದೊಂದಕ್ಕೂ ಅಭಿಮಾನಿಗಳು. ಈಗ ಆ ಹೋರಿಗಳ ಹೆಸರಲ್ಲಿ ಹಾಡುಗಳೂ ಬರುತ್ತವೆ. ಹುಡುಗರು ಮೊಬೈಲಿನಲ್ಲಿ ಹಂಚುತ್ತಾರೆ, ಡಿಜೆಯಲ್ಲಿ ಹಾಕುತ್ತಾರೆ. ಸಂಗೀತದ ಮಟ್ಟಕ್ಕೆ ಬಂದರೆ ಬಹುಪಾಲು ಕೇಳುವ ಹಾಗಿಲ್ಲ. ಧಾಟಿ ಎಲ್ಲಿಂದಲೋ ತಂದದ್ದು, ದನಿಗೆ ಯಂತ್ರದ ಮೆರುಗು, ಬೀಟು ಎಲ್ಲದಕ್ಕೂ ಒಂದೇ. ಆದರೂ ಆ ಹಾಡಿನಲ್ಲಿ ಊರಿನ ಹೆಸರಿದೆ, ಹೋರಿ ಕಟ್ಟಿದವನ ಹೆಸರಿದೆ, ನಾವು ಮಾತಾಡುವ ಕನ್ನಡವಿದೆ. ದೊಡ್ಡ ಸ್ಟುಡಿಯೋದ ಆಲ್ಬಮ್ಮುಗಳಲ್ಲಿ ಇಲ್ಲದ ಧೈರ್ಯ ಇದು: ನನ್ನ ಊರು ಹಾಡಾಗಲು ಯೋಗ್ಯ ಎಂಬ ಧೈರ್ಯ.

ಅದರ ಮಿತಿಯನ್ನೂ ಹೇಳಬೇಕು. ಹೋರಿ ಹಬ್ಬದಲ್ಲಿ ತಿವಿತಕ್ಕೆ ಸಿಕ್ಕಿ ಸತ್ತವರಿದ್ದಾರೆ, ನಮ್ಮ ಎರಡೂ ತಾಲ್ಲೂಕುಗಳಲ್ಲಿ. ಹೋರಿಗೆ ಹಾಡಿದೆ, ಸತ್ತ ಹುಡುಗನಿಗೆ ಹಾಡಿಲ್ಲ. ಹಬ್ಬದ ಹಾಡು ಹೊಗಳುವುದಕ್ಕೆ ಹುಟ್ಟಿದ್ದು, ಅದಕ್ಕೆ ಅಳುವುದು ಬಾರದು. ಗಿಟಾರ್ ಹಿಡಿದವರು ಬೇಕಾಗುವುದು ಇಲ್ಲಿ. ಹೊಗಳಿಕೆಯ ಆಚೆಗಿನ ಸಿಟ್ಟು, ದುಃಖ, ನಾಚಿಕೆ, ಒಂಟಿತನವನ್ನು ಹೇಳುವುದಕ್ಕೇ ಅಲ್ಲವೇ ರಾಕ್ ಬೆಳೆದದ್ದು?

‘ನಮಗೆಲ್ಲಿ ಸ್ಟುಡಿಯೋ, ನಮಗೆಲ್ಲಿ ದುಡ್ಡು’ ಎಂಬ ಮಾತು ಬರುತ್ತದೆ ಅಂತ ಗೊತ್ತು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ‘ನೆಬ್ರಾಸ್ಕಾ’ ಎಂಬ ಆಲ್ಬಂ ತಂದ. ಮನೆಯಲ್ಲಿ ಕೂತು, ನಾಲ್ಕು ಟ್ರ್ಯಾಕಿನ ಒಂದು ಕ್ಯಾಸೆಟ್ ರೆಕಾರ್ಡರ್ ಮುಂದೆ ಗಿಟಾರ್, ಮೌತ್ ಆರ್ಗನ್ ಇಟ್ಟುಕೊಂಡು ಹಾಡಿದ್ದು. ಮುಂದೆ ತಂಡದ ಜೊತೆ ಸ್ಟುಡಿಯೋದಲ್ಲಿ ಪ್ರಯತ್ನಿಸಿದರೂ ಆ ಗುಣ ಬಾರದೆ ಕ್ಯಾಸೆಟ್ಟಿನಲ್ಲಿದ್ದದ್ದನ್ನೇ ಹೊರತಂದರು. ಕೆಲಸ ಕಳೆದುಕೊಂಡವರು, ಸಾಲಗಾರರು, ಸಣ್ಣ ಊರಿನ ಅಪರಾಧಿಗಳು ಅದರ ತುಂಬ ಇದ್ದಾರೆ. ಆ ರೆಕಾರ್ಡರಿಗಿಂತ ಹೆಚ್ಚು ಕೆಲಸ ಮಾಡುವ ಯಂತ್ರ ಇವತ್ತು ಆನವಟ್ಟಿಯ ಪ್ರತಿ ಹುಡುಗನ ಜೇಬಿನಲ್ಲಿದೆ. ಕೊರತೆ ಯಂತ್ರದ್ದಲ್ಲ.

ವಸ್ತುವಿನದೂ ಅಲ್ಲ. ಬೇಕಾದರೆ ನಮ್ಮ ಎರಡು ತಾಲ್ಲೂಕುಗಳಿಂದಲೇ ಎಂಟು ಹಾಡಿನ ಒಂದು ಆಲ್ಬಮ್ಮಿಗೆ ವಸ್ತು ಕೊಡುತ್ತೇನೆ, ಎಣಿಸಿಕೊಳ್ಳಿ. ಒಂದು, ಕ್ಯಾಸನೂರು. 1957ರಲ್ಲಿ ಸೊರಬ ತಾಲ್ಲೂಕಿನ ಆ ಹಳ್ಳಿಯ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆಮೇಲೆ ಮನುಷ್ಯರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಆ ಕಾಯಿಲೆಗೆ ಇವತ್ತೂ ಆ ಊರಿನ ಹೆಸರು. ಒಂದು ಊರು ರೋಗದ ಹೆಸರಾಗಿ ಬದುಕುವುದು ಅಂದರೇನು? ಎರಡು, ಹೋರಿ ತಿವಿದ ಹುಡುಗನ ತಾಯಿ. ಮೂರು, ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿ, ರೇಟು ಬಿದ್ದಾಗ ಫೋನ್ ಆಫ್ ಮಾಡಿ ಕೂತವನು. ನಾಲ್ಕು, ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಛೇರಿಯಲ್ಲಿ ಮುದುಕನಾದವನು. ಐದು, ಗುಡವಿ ಕೆರೆಗೆ ಮಳೆಗಾಲದಲ್ಲಿ ಬಂದು ಮರಿ ಮಾಡಿ ಹಾರಿಹೋಗುವ ಹಕ್ಕಿಗಳು. ಆರು, ಬೆಂಗಳೂರಿನ ರಾತ್ರಿ ಬಸ್ಸು. ಹಕ್ಕಿಯಾದರೂ ಮರುವರ್ಷ ಬರುತ್ತದೆ. ಏಳು, ನಡುರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸರ ಕಪ್ಪಾದ ಬೆರಳು. ಎಂಟು, ಬಲಿಪಾಡ್ಯಮಿಯ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತ ಬಂದರೆ, ಮಕ್ಕಳೆಲ್ಲ ಪೇಟೆ ಸೇರಿ ಬೀಗ ಬಿದ್ದ ಮನೆ.

ಅಕ್ಕಮಹಾದೇವಿ ಹುಟ್ಟಿದ ಉಡುತಡಿ, ಅಲ್ಲಮ ಹುಟ್ಟಿದ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಇಬ್ಬರೂ ಬಲ್ಲವರ ಸಂಸ್ಕೃತವನ್ನು ಪಕ್ಕಕ್ಕಿಟ್ಟು ತಮ್ಮ ಕಾಲದ ಕನ್ನಡದಲ್ಲಿ ಮಾತಾಡಿದರು. ನಮ್ಮ ಉತ್ಸವಗಳ ವೇದಿಕೆಯಲ್ಲಿ ಅವರ ಹೆಸರು ಮಹಾದ್ವಾರದ ಮೇಲಿರುತ್ತದೆ, ಒಳಗೆ ಬೆಂಗಳೂರಿನಿಂದ ಬಂದ ತಂಡ ನಮಗೆ ಬಾಯಿಪಾಠವಾಗಿರುವ ಪದಗಳನ್ನೇ ಹಾಡಿ ಹೋಗುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ.

ತಪ್ಪಿನಲ್ಲಿ ಸಾಹಿತ್ಯದವರ ಪಾಲೂ ಇದೆ. ನಮ್ಮ ಪತ್ರಿಕೆಗಳಲ್ಲಿ ಪ್ರತಿ ಕವನ ಸಂಕಲನಕ್ಕೂ ವಿಮರ್ಶೆ ಸಿಗುತ್ತದೆ, ಅದನ್ನು ಕವಿಯ ಗೆಳೆಯರಷ್ಟೇ ಓದಿದ್ದರೂ ಸರಿ. ಸಾವಿರಾರು ಜನ ಕೇಳಿದ ಕನ್ನಡದ ಆಲ್ಬಮ್ಮಿನ ಮಾತುಗಳನ್ನು ಸಾಲುಸಾಲಾಗಿ ಎತ್ತಿಕೊಂಡು ಇದು ಸಡಿಲ, ಇದು ಗಟ್ಟಿ ಎಂದು ಬರೆದ ಲೇಖನ ಸಿಗುವುದು ಅಪರೂಪ. ಯಾರೂ ಬೈಯದ ಕಡೆ ಯಾರೂ ಬೆಳೆಯುವುದಿಲ್ಲ. ಹುಡುಗರು ಕೆಟ್ಟ ಹಾಡು ಬರೆಯುತ್ತಾರೆ ಎನ್ನುವ ಮುಂಚೆ ಒಳ್ಳೆಯದು ಯಾವುದು ಎಂದು ಹೇಳುವ ಕಷ್ಟವನ್ನು ಯಾರಾದರೂ ತೆಗೆದುಕೊಳ್ಳಬೇಕು.

ನನ್ನ ಬೇಡಿಕೆ ಸಣ್ಣದು. ನಮ್ಮ ಕಡೆಯ ದಸರಾಕ್ಕೋ ರಾಜ್ಯೋತ್ಸವಕ್ಕೋ ಬರುವ ಬ್ಯಾಂಡಿನವರು ಮೊದಲು ತಾವೇ ಬರೆದ ಎರಡು ಕನ್ನಡ ಹಾಡು ಹಾಡಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಹೇಳುತ್ತೇವೆ, ಮುಂದಿನ ವರ್ಷ ಇನ್ನೆರಡು ತರಲಿ. ಶರೀಫರ ಪದ ಮೂರನೆಯದಾಗಿ ಬರಲಿ. ಒಂದೂವರೆ ಶತಮಾನದಿಂದ ಇರುವ ಪದ ಅದು, ಇನ್ನು ಹತ್ತು ನಿಮಿಷ ಕಾಯುವುದು ಅದಕ್ಕೆ ಕಷ್ಟವಲ್ಲ.