ಸಾವಿರ ಪ್ರತಿಗಳ ನಂಬಿಕೆ

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ನಾವು ಆಕೆಯ ದಾನಗುಣಕ್ಕೆ ದೃಷ್ಟಾಂತವಾಗಿ ತರಗತಿಯಲ್ಲಿ ಹೇಳುತ್ತೇವೆ. ಅದರಲ್ಲಿ ದಾನದಷ್ಟೇ ದೂರದೃಷ್ಟಿಯೂ ಇತ್ತೆಂಬುದನ್ನು 2025ರ ಮಾರ್ಚ್ ತಿಂಗಳ ಒಂದು ಸುದ್ದಿ ನನಗೆ ನೆನಪಿಸಿತು.

ಕಂಪ್ಯೂಟರನ್ನು ನಡೆಸುವ ಆಜ್ಞಾಬರಹವನ್ನು, ಎಂದರೆ ಕೋಡನ್ನು, ಯಾರು ಬೇಕಾದರೂ ಓದಿ ಬಳಸುವಂತೆ ತೆರೆದಿಟ್ಟ ಉಗ್ರಾಣಗಳಿವೆ. ಗ್ನೋಮ್ ಯೋಜನೆಯದು ಅಂಥದೊಂದು. ಅದನ್ನು ಕನ್ನಡಕ್ಕೆ ತಂದವರ ಶ್ರಮವೂ ಅಲ್ಲಿಯೇ ಶೇಖರವಾಗಿದೆ. ಕೃತಕ ಬುದ್ಧಿಮತ್ತೆಗೆ ಮೇವು ಹುಡುಕುವ ಯಂತ್ರಗಳು ಇಂಥ ಉಗ್ರಾಣಗಳ ಮೇಲೆ ಮುಗಿಬಿದ್ದವು. ಗ್ನೋಮಿನವರು ಬಾಗಿಲಲ್ಲಿ ಒಂದು ಪರೀಕ್ಷೆಯನ್ನಿಟ್ಟರು: ಬಂದವರ ಯಂತ್ರ ಸಣ್ಣದೊಂದು ಲೆಕ್ಕವನ್ನು ಬಿಡಿಸಿ ಒಳಬರಬೇಕು. ಎರಡೂವರೆ ಗಂಟೆಗಳಲ್ಲಿ ಬಂದ ಸುಮಾರು 81,000 ಕೋರಿಕೆಗಳಲ್ಲಿ ಪರೀಕ್ಷೆಯನ್ನು ದಾಟಿದವು ನೂರಕ್ಕೆ ಮೂರು ಮಾತ್ರ! ಇಡೀ ಉಗ್ರಾಣವನ್ನು ಒಮ್ಮೆಗೇ ಪ್ರತಿಮಾಡಿಕೊಂಡು ಹೋಗುವ ರಾಜಮಾರ್ಗ ತೆರೆದಿರುವಾಗ, ಪುಟಪುಟಕ್ಕೂ ಬಂದು ಕದ ತಟ್ಟುವ ಈ ಅವಿವೇಕಕ್ಕೆ ಏನೆನ್ನಬೇಕು?

ನೂಕುನುಗ್ಗಲಿಗೆ ಹಳೆಯ ಉಪಾಯ ಹೊರೆಯನ್ನು ಹಂಚುವುದು. ನಮ್ಮ ಹೊಸಕೋಟೆ ಸೀಮೆಯ ಕೆರೆಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏರಿ ಎಷ್ಟು ಗಟ್ಟಿಯಾಗಿದ್ದರೂ ಕೋಡಿ ಬೇಕು. ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಗೆ ಹರಿಯಬೇಕು. ಹಾಗೆಯೇ ಒಂದು ಸರ್ವರಿನ ಹೊರೆಯನ್ನು ಬೇರೆ ಬೇರೆ ಊರುಗಳ ಸರ್ವರುಗಳು ಹಂಚಿಕೊಳ್ಳುತ್ತವೆ. ಅವಕ್ಕೆ 'ಮಿರರ್' ಎಂದು ಹೆಸರು. ಅಪ್ಪಟ ಕನ್ನಡದಲ್ಲಿ ಕನ್ನಡಿ. ಮೂಲದಲ್ಲಿ ಒಂದಕ್ಷರ ಬದಲಾದರೆ ಕನ್ನಡಿಯಲ್ಲಿಯೂ ಬೇಗನೆ ಬದಲಾಗಬೇಕು.

ತೊಡಕು ಇರುವುದೂ ಇಲ್ಲಿಯೇ. 2013ರ ಮಾರ್ಚ್ 22ರಂದು ಕೆಡಿಇ ಎಂಬ ಇನ್ನೊಂದು ಯೋಜನೆಯ ಮೂಲ ಸರ್ವರಿನಲ್ಲಿ ಕಡತಗಳು ಕೆಟ್ಟವು. ಕನ್ನಡಿಗಳು ಮೂಲವನ್ನು ಸಂಶಯಿಸಲಿಲ್ಲ; ಅಲ್ಲಿ ಕಾಣದಿದ್ದುದನ್ನು ತಮ್ಮಲ್ಲಿಯೂ ಅಳಿಸಿಹಾಕಿದವು. ಸುಮಾರು 1,500 ಸಂಗ್ರಹಗಳು ಕೈಬಿಟ್ಟವೆನ್ನುವಷ್ಟರಲ್ಲಿ ಒಂದು ಸರ್ವರಿನಲ್ಲಿ ಕೆಡದ ಪ್ರತಿ ಸಿಕ್ಕಿತು. ಸಿಕ್ಕಿದ್ದು ಅದೃಷ್ಟದಿಂದ, ವ್ಯವಸ್ಥೆಯಿಂದಲ್ಲ.

ಗ್ರಂಥಸಂಪಾದನೆಯನ್ನು ಓದಿದ ವಿದ್ಯಾರ್ಥಿಗೆ ಈ ಅಪಾಯ ಹೊಸದಲ್ಲ. ಒಂದೇ ದೋಷಯುಕ್ತ ಪ್ರತಿಯಿಂದ ಇಳಿದ ನೂರು ಓಲೆಗ್ರಂಥಗಳು ಸಂಪಾದಕನಿಗೆ ನೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಬೇರೆ ಶಾಖೆಯಿಂದ ಬಂದ, ಹುಳು ತಿಂದ ಪ್ರತಿಯೊಂದು ಆ ನೂರನ್ನೂ ತಿದ್ದಬಲ್ಲುದು. ಪಾಠಾಂತರವನ್ನು ನಾವು ಲಿಪಿಕಾರನ ಅಜಾಗ್ರತೆಯೆಂದು ಹಳಿಯುತ್ತೇವೆ; ಎಷ್ಟೋ ಸಲ ಕವಿಯ ಮಾತು ಉಳಿದುಬಂದಿರುವುದು ಅದರಿಂದಲೇ.

ಆದುದರಿಂದ ಕನ್ನಡಿಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಉಗ್ರಾಣ ಸುರಕ್ಷಿತವಾಯಿತೆಂದು ನಾನು ಒಪ್ಪಲಾರೆ. ಕನ್ನಡಿ ಓದುಗರ ನೂಕುನುಗ್ಗಲಿಗೆ. ನಾಶಕ್ಕೆ ಬೇರೆಯದೇ ಏರ್ಪಾಡು ಬೇಕು. ಬೇಕೆಂದೇ ಒಂದೆರಡು ದಿನ ಹಿಂದೆ ಉಳಿಯುವ, ಮೂಲವು ಅಳಿಸೆಂದರೂ ಅಳಿಸದ ಪ್ರತಿಯೊಂದು ಎಲ್ಲಾದರೂ ಇರಬೇಕು. ಅದಕ್ಕೆ ಯಂತ್ರ ಬೇಕು, ಹಣ ಬೇಕು, ಕಾಯುವ ಮನುಷ್ಯ ಬೇಕು. ಇಂಥ ಉಗ್ರಾಣಗಳನ್ನು ನೋಡಿಕೊಳ್ಳುವವರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಹೊತ್ತೆಲ್ಲ ಈಗ ಬಾಗಿಲು ಕಾಯುವುದರಲ್ಲಿಯೇ ಕಳೆದುಹೋಗುತ್ತಿದೆ.