ಒಂದು ರೂಪಾಯಿ ಟ್ರಯಲ್

ಕಳೆದ ಭಾನುವಾರ ಕಂಪ್ಲಿಯಿಂದ ಚಿಕ್ಕಪ್ಪನ ಮಗ ಹೊಸಪೇಟೆಗೆ ಬಂದಿದ್ದ. ಸಂಡೂರಿನಲ್ಲಿ ಲಾರಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿ ಐದು ತಿಂಗಳಾಯ್ತು. ಊಟ ಮುಗಿದ ಮೇಲೆ ಮೊಬೈಲ್ ನನ್ನ ಕೈಗಿಟ್ಟು, "ಅಣ್ಣಾ, ಅಕೌಂಟಿನಾಗ ರೊಕ್ಕ ನಿಲ್ತಾನೇ ಇಲ್ಲ, ನೋಡು" ಅಂದ.

ನೋಡಿದೆ. ತಿಂಗಳಿಗೆ 499ರಂತೆ ಮೂರು ಸಲ ಹೋಗಿದೆ. ಯಾವುದೋ ವಿಡಿಯೋ ಆಪ್. "ಬರೇ ಒಂದು ರೂಪಾಯಿ ಕೊಟ್ಟಿದ್ದೆ. ಆಪ್ ಆವತ್ತೇ ಡಿಲೀಟ್ ಮಾಡೀನಲ್ಲ!"

ಯಡವಟ್ಟು ಆಗಿದ್ದೇ ಅಲ್ಲಿ. ಆ ಒಂದು ರೂಪಾಯಿಗೆ ಹಾಕಿದ ಯುಪಿಐ ಪಿನ್, ಆಟೋಪೇಗೂ ಒಪ್ಪಿಗೆ ಕೊಟ್ಟಿತ್ತು. ಆಮೇಲೆ ಸಾಮಾನ್ಯವಾಗಿ 15,000 ರೂಪಾಯಿ ತನಕ ಪಿನ್ ಕೇಳದೇ ಹಣ ಕಟ್ ಆಗುತ್ತೆ. ಆಪ್ ತೆಗೆದ್ರೂ ಒಪ್ಪಿಗೆ ಬ್ಯಾಂಕಲ್ಲಿ ಹಾಗೇ ಇರುತ್ತೆ. ಕಟ್ ಆಗೋಕೆ 24 ಗಂಟೆ ಮೊದಲು ಮೆಸೇಜ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಬಂದಿತ್ತು ಕೂಡ. ಓದೋರ್ಯಾರು?

ಬೈಯೋಕೆ ಬಾಯಿ ಬರಲಿಲ್ಲ. ನಾನು ಪಿಯುಸಿ ಓದುವಾಗ 50 ರೂಪಾಯಿ ರೀಚಾರ್ಜ್ ಮಾಡಿಸಿ, ಕೀಪ್ಯಾಡ್ ಫೋನಲ್ಲಿ ಏನೋ ಒತ್ತಿ, ಕಾಲರ್ ಟ್ಯೂನಿಗೆ 30 ಕಳ್ಕೊಂಡವನು. 2013ರಲ್ಲಿ ಟ್ರಾಯ್ ಎರಡು ಸಲ ಒಪ್ಪಿಗೆ ಕೇಳಲೇಬೇಕು ಅಂತ ಕಡ್ಡಾಯ ಮಾಡಿತು. ಸಿಮ್‌ನಿಂದ ಹಾಗೆ ಹಣ ಹೋಗ್ತಿದ್ರೆ ಇವತ್ತಿಗೂ 155223ಕ್ಕೆ ಕಾಲ್ ಮಾಡಿ ನಿಲ್ಲಿಸಬಹುದು, ಅದು ಉಚಿತ.

ವಿದೇಶದ ಮಿಸ್ಡ್ ಕಾಲ್ ಇನ್ನೊಂದು ತರದ್ದು. ವಾಪಸ್ ಮಾಡಿದ್ರೆ ಐಎಸ್‌ಡಿ ದರ, ಆ ಕಡೆಯವರಿಗೆ ಅದರಲ್ಲಿ ಪಾಲು. ಗುರುತಿಲ್ಲದ ನಂಬರಾದ್ರೆ ಬಿಟ್ಟುಬಿಡಿ ಅಂತ ನಾವು ಸುಲಭವಾಗಿ ಹೇಳ್ತೀವಿ. ಆದ್ರೆ ಹಂಪಿ ಕಡೆ ಹೋಮ್‌ಸ್ಟೇ ನಡೆಸೋ ನನ್ನ ಗೆಳೆಯನಿಗೆ ಆ ನಂಬರೇ ಗಿರಾಕಿ ಇರಬಹುದು! ಅವನು ವಾಪಸ್ ಕಾಲ್ ಮಾಡಲ್ಲ, ವಾಟ್ಸಾಪಲ್ಲಿ ಒಂದು ಹಲೋ ಕಳಿಸ್ತಾನೆ. ನಿಜವಾದ ಗಿರಾಕಿ ಆದ್ರೆ ಉತ್ತರ ಬರುತ್ತೆ.

ತಮ್ಮನ ಫೋನಲ್ಲಿ ಯುಪಿಐ ಆಪ್ ತೆರೆದು, ಪ್ರೊಫೈಲ್ ಒಳಗಿನ ಆಟೋಪೇಗೆ ಹೋದ್ವಿ. ಒಂದಲ್ಲ, ಎರಡಿದ್ವು. ಇನ್ನೊಂದು ಜಾತಕದ ಆಪ್, ಮುಂದಿನ ವಾರ ಕಟ್ ಆಗೋದಿತ್ತು. ಎರಡನ್ನೂ ಕ್ಯಾನ್ಸಲ್ ಮಾಡಿದ್ವಿ. ಕಂಪನಿಗೆ ಮೇಲ್ ಹಾಕಿದ್ಮೇಲೆ ಕೊನೇ ತಿಂಗಳ 499 ಮಾತ್ರ ವಾಪಸ್ ಬಂತು. ಉಳಿದ 998 ಹೋಯ್ತು.

ಅದು ಚಿಕ್ಕಮ್ಮನ ಕನ್ನಡಕಕ್ಕೆ ಅಂತ ಎತ್ತಿಟ್ಟ ದುಡ್ಡಂತೆ. ಕಂಪ್ಲಿ ಬಸ್ ಹತ್ತೋವಾಗ ಮೆಲ್ಲಗೆ ಅಂದ, "ಅವ್ವಗ ಹೇಳಬ್ಯಾಡಣ್ಣ, ಮುಂದಿನ ಪಗಾರದಾಗ ಕೊಡಸ್ತೀನಿ."